‘ಹೋಗುತ್ತೇನೆ’ ಎನ್ನಲು ಬಾರದ ಕೆಡೆಟ್ ಒಬ್ಬಳ ಅಹವಾಲು

ಕ್ಯಾಪ್ಟನ್ ಶಶಾಂಕ ಆಗಾಶೆಯವರಿಗೆ,
ಮುಖ್ಯ ಹಾರಾಟ ಶಿಕ್ಷಕರು,
ನಭಾಂಗಣ ವಿಮಾನಯಾನ ಮಹಾವಿದ್ಯಾಲಯ, ತಾಪಿ ತೀರ, ಖಾನದೇಶ.

ಮಾನ್ಯರೇ,

ಆಕಾಶದಲ್ಲಿ ಇರಲಿ, ಮೆಸ್ಸಿನ ಸಾಲಿನಲ್ಲಿ ಇರಲಿ, ಕಪ್ಪು ಕನ್ನಡಕವನ್ನು ಎಂದೂ ತೆಗೆಯದ ತಮ್ಮ ಘನ ಸನ್ನಿಧಾನಕ್ಕೆ, ತಮ್ಮದೇ ಅಪ್ಪಣೆಯಂತೆ ನೆಲದ ಮೇಲೆ ಉಳಿದಿರುವ ಪೈಲಟ್ ಪದವಿಯ ಎರಡನೆಯ ವರ್ಷದ ಕೆಡೆಟ್ ಹೇಮಾಂಗಿ ಭಾರಂಬೆ ಮಾಡುವ ಪ್ರಣಾಮಗಳು. ತಾವೂ, ತಮ್ಮ ನಾಲ್ಕು ವಿಮಾನಗಳ ಪೈಕಿ ಹಾರುವ ಸ್ಥಿತಿಯಲ್ಲಿರುವ ಎರಡೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಮೆಸ್ಸಿನ ಗೋಡೆಗೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ಕಚೇರಿಯಲ್ಲಿ ಕೊಟ್ಟರೆ ಅದು ಎಲ್ಲಿ ಇಳಿಯುತ್ತದೆಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಮೊದಲಿಗೆ ಈ ಸಂಸ್ಥೆಯ ಉಪಕಾರ ಸ್ಮರಣೆ ನನ್ನ ಕರ್ತವ್ಯ. ಪದವಿಯೂ ಪೈಲಟ್ ಲೈಸೆನ್ಸೂ ಒಟ್ಟಿಗೆ ಕೈಗೆ ಬರುವ ಈ ಕೋರ್ಸಿನಲ್ಲಿ, ವಿಮಾನವನ್ನು ಮುಟ್ಟದೆಯೇ ಪೈಲಟ್ ಆಗುವ ವಿದ್ಯೆಯನ್ನು ತಾವು ಮೊದಲ ವರ್ಷವಿಡೀ ನಮಗೆ ಧಾರೆಯೆರೆದಿರಿ. ಹಾಸ್ಟೆಲ್ಲಿನ ಗೋಡೆಗೆ ಕಾಕ್‌ಪಿಟ್ಟಿನ ಚಿತ್ರ ಅಂಟಿಸಿಕೊಂಡು, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಗದದ ಗುಂಡಿಗಳನ್ನು ಒತ್ತುತ್ತ ನಾನು ಎಷ್ಟು ಸಲ ಮುಂಬಯಿಗೆ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ಪರಿಸರ ಅಧ್ಯಯನದ ಪತ್ರಿಕೆಯಲ್ಲಿ ಎರೆಹುಳುವಿನ ಗೊಬ್ಬರದ ಬಗ್ಗೆಯೂ ಬರೆದು ಪಾಸಾಗಿದ್ದೇನೆ. ಸಮವಸ್ತ್ರ ಹಾಕಿಕೊಂಡು ಊರಿಗೆ ಹೋದರೆ, ‘ವಿಮಾನ ಎಲ್ಲಿ ನಿಲ್ಸಿ ಬಂದೆ ಪೋರೀ, ಬಾಳೆತೋಟದ ಹಿಂದೇನಾ?’ ಎಂದು ಕೇಳುವ ರಾವೇರದ ಜನರಿಗೆ ಏನಾದರೊಂದು ಉತ್ತರ ಹೇಳುವಷ್ಟು ಧೈರ್ಯವೂ ತಮ್ಮಿಂದಲೇ ಬಂದದ್ದು.

ಈಗ ನನ್ನ ನಾಲಿಗೆಯ ವಿಷಯ. ನಮ್ಮ ಮನೆಯಲ್ಲಿ ಹೊಸಲು ದಾಟುವವರು ಸಂತೆಗೆ ಹೊರಟಿರಲಿ, ಗಂಡನ ಮನೆಗೆ ಹೊರಟಿರಲಿ, ‘ಬರ್ತೀನಿ’ ಎಂದೇ ಹೊರಡಬೇಕು, ಒಳಗಿದ್ದವರು ‘ಬಾ’ ಎನ್ನಬೇಕು. ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ, ಆದರೆ ನಮ್ಮಲ್ಲಿ ಸ್ವಲ್ಪ ಬಿಗಿ. ಏಕೆಂದರೆ ನಮ್ಮಪ್ಪ ಒಂದು ಬೆಳಗ್ಗೆ, ಬದನೆಕಾಯಿ ಭರೀತಕ್ಕೆ ಖಾರ ಹೆಚ್ಚಾಯಿತೆಂಬ ಜಗಳದ ಭರದಲ್ಲಿ ‘ಹೋಗ್ತೀನಿ’ ಎಂದು ಹೇಳಿ ಚಪ್ಪಲಿ ಮೆಟ್ಟಿದರು. ಜೀವನದಲ್ಲಿ ಅವರು ಆಡಿದ ಮಾತಿನಂತೆ ನಡೆದುಕೊಂಡದ್ದು ಅದೊಂದೇ ಸಲ. ಈಗ ಸೂರತ್ತಿನಲ್ಲಿ ಇನ್ನೊಂದು ಸಂಸಾರ ಹೂಡಿ ಸುಖವಾಗಿದ್ದಾರೆಂದು ಸುದ್ದಿ. ಅಂದಿನಿಂದ ನಮ್ಮ ಆಯಿ, ಅಂದರೆ ಅಮ್ಮ, ಆ ಪದವನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ. ಹಾಲು ಹಾಕುವವನ ಬಾಯಲ್ಲಿ ಬಂದರೂ ಅವನನ್ನು ಗೇಟಿನಿಂದ ವಾಪಸು ಕರೆದು ತಿದ್ದಿ ಕಳಿಸುತ್ತಾಳೆ.

ಇಂಥ ಮನೆಯಲ್ಲಿ ಬೆಳೆದವಳನ್ನು ತಾವು ಮೊದಲ ಬಾರಿಗೆ ಒಬ್ಬಳನ್ನೇ ವಿಮಾನದಲ್ಲಿ ಕೂರಿಸಿ, ನದಿಯಾಚೆಯ ಅಭ್ಯಾಸದ ವಲಯಕ್ಕೆ ಕಳಿಸಿದಿರಿ. ಅದೇ ಬೆಳಗ್ಗೆ ವಿಮಾನ ಕಂಪನಿಯಿಂದ ಕೆಡೆಟ್‌ಗಳನ್ನು ಆರಿಸಲು ಬಂದಿದ್ದ ಅತಿಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ತಾಪಿ ನದಿ ತೋರಿಸಲೆಂದು ತಾವು ಇನ್ನೊಂದು ವಿಮಾನದಲ್ಲಿ ಸಿದ್ಧರಾಗಿದ್ದಿರಿ. ನಾನು ನೆಲ ಬಿಟ್ಟೆ. ಪಕ್ಕದ ಸೀಟು ಖಾಲಿ. ಆ ಖಾಲಿ ಸೀಟನ್ನು ನೋಡಿ ನನಗೆ ಹೆದರಿಕೆಯೂ ಆಯಿತು, ಅಳುವಷ್ಟು ಖುಷಿಯೂ ಆಯಿತು, ಮುಚ್ಚಿಡುವುದಿಲ್ಲ. ಟವರ್‌ನಲ್ಲಿದ್ದ ಸಪಕಾಳೆ ಕಾಕಾ ರೇಡಿಯೋದಲ್ಲಿ ನನ್ನ ಇಂಗಿತ ಕೇಳಿದಾಗ, ‘ಲೀವಿಂಗ್’ ಎನ್ನಬೇಕಾದ ನನ್ನ ನಾಲಿಗೆ, ಹೊಸಲು ದಾಟಿದ ಅಭ್ಯಾಸಬಲದಿಂದ ‘ಕಮಿಂಗ್’ ಎಂದುಬಿಟ್ಟಿತು.

ನಾನು ಬರುತ್ತಿದ್ದೇನೆಂದು ತಿಳಿದ ಸಪಕಾಳೆ ಕಾಕಾ, ಹೊರಡಲಿದ್ದ ತಮ್ಮ ವಿಮಾನವನ್ನು ನೆಲದಲ್ಲೇ ತಡೆದು ನಿಲ್ಲಿಸಿದ್ದು ನಿಯಮದಂತೆಯೇ ಆಯಿತು. ಏಪ್ರಿಲ್ಲಿನ ಖಾನದೇಶದ ಬಿಸಿಲಿನಲ್ಲಿ, ಬಾಗಿಲು ಮುಚ್ಚಿದ ಪುಟ್ಟ ವಿಮಾನದೊಳಗೆ, ತಾವೂ ಅತಿಥಿಗಳೂ ಬಾರದ ನನ್ನ ದಾರಿ ಕಾಯುತ್ತ ಕುಳಿತಿರಿ. ಮರಳಿನ ಬಕೆಟ್ಟು ಹೇರಿಕೊಂಡ ಅಗ್ನಿಶಾಮಕ ಟೆಂಪೋ ರನ್‌ವೇ ಪಕ್ಕಕ್ಕೆ ಬಂತು. ಮೊದಲ ಸಲ ಒಬ್ಬರೇ ಹಾರಿ ಬಂದವರ ತಲೆಗೆ ಸುರಿಯಲೆಂದು ಗೆಳತಿಯರು ತುಂಬಿಟ್ಟ ತಣ್ಣೀರು, ನನ್ನನ್ನು ಕಾದು ಕಾದು ಎಣ್ಣೆಸ್ನಾನಕ್ಕೆ ಹದವಾಯಿತು. ನಾನಾದರೋ ನದಿಯ ಮೇಲೆ, ತಾವು ಕಲಿಸಿದ ತಿರುವುಗಳನ್ನೆಲ್ಲ ಬಹಳ ಅಂದವಾಗಿ ಮಾಡುತ್ತಿದ್ದೆ.

ನದಿಯ ಮೇಲಿದ್ದೇನೆ, ಎಲ್ಲ ಕ್ಷೇಮ ಎಂದು ನಾನು ತಿಳಿಸಿದ ಮೇಲೆ ಸಪಕಾಳೆ ಕಾಕಾರಿಗೆ ಜ್ಞಾನೋದಯವಾಯಿತು. ‘ಅಯ್ಯೋ ನನ್ನ ಬುದ್ಧಿಗಿಷ್ಟು! ಬರ್ತೀನಿ ಅಂದ್ಳು ಅಂದ್ರೆ ಹೊರಟ್ಳು ಅಂತಲ್ವಾ! ನನ್ನ ಹೆಂಡ್ತಿ ತವರಿಗೆ ಹೋಗೋವಾಗ್ಲೂ ಹಾಗೇ ಅಂತಾಳಲ್ಲಪ್ಪಾ!’ ಎಂದು ಅವರು ಹೇಳಿಕೊಂಡದ್ದು ತಮಗೆ ತಾವೇ. ಆದರೆ ರೇಡಿಯೋದ ಗುಂಡಿ ಒತ್ತಿಕೊಂಡೇ ಹೇಳಿದ್ದರಿಂದ ಸುತ್ತಲಿನ ಇಡೀ ಆಕಾಶ ಕೇಳಿಸಿಕೊಂಡಿತು. ಹೀಗೆ ಒಮ್ಮೆ ಪಾಠ ಕಲಿತವರು, ನಾನು ನಿಜವಾಗಿಯೂ ಹಿಂತಿರುಗುತ್ತ ‘ಕಮಿಂಗ್’ ಎಂದಾಗ, ಈ ಹುಡುಗಿ ಇನ್ನೂ ದೂರ ಹೊರಟಳೆಂದು ಅರ್ಥ ಮಾಡಿಕೊಂಡು, ಬಿಸಿಗೆ ಆರಿಸಿದ್ದ ಎಂಜಿನ್ ಆಗಷ್ಟೇ ಮತ್ತೆ ಚಾಲೂ ಆಗಿದ್ದ ತಮ್ಮ ವಿಮಾನವನ್ನು ರನ್‌ವೇಗೆ ಬಿಟ್ಟರು. ಇಳಿಯಲು ಬಂದ ನನಗೆ ಕಂಡದ್ದು ಬರಿದಾದ ರನ್‌ವೇ ಅಲ್ಲ, ನಟ್ಟನಡುವೆ ತಾವು. ತಾವೇ ಕಲಿಸಿದಂತೆ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು, ಮೂಗು ಮೇಲೆತ್ತಿ, ತಮ್ಮ ನೆತ್ತಿಯ ಮೇಲಿಂದ ಹಾದು, ಇನ್ನೊಂದು ಸುತ್ತು ಹಾಕಿ ಬಂದು ಇಳಿದೆ. ‘ಅದ್ಯಾರು?’ ಎಂದು ಅತಿಥಿಗಳು ಕೇಳಿದ್ದಕ್ಕೆ ತಾವು ‘ನಮ್ಮ ವಿದ್ಯಾರ್ಥಿನೀನೇ. ನಿಮಗೆ ತೋರಿಸೋಣ ಅಂತ ಹೇಳಿದ್ದೆ’ ಎಂದಿರಂತೆ. ಈ ಔದಾರ್ಯಕ್ಕೆ ನಾನು ಚಿರಋಣಿ.

ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ರೇಡಿಯೋದಲ್ಲಿ ಒಂದು ಪದ ಅತ್ತಿತ್ತಾದರೆ ಜೀವ ಹೋಗುತ್ತದೆ, ಶಿಕ್ಷೆ ಆಗಲೇಬೇಕಿತ್ತು. ಆದರೆ ತಮ್ಮ ಶಿಸ್ತು ಸಮಿತಿ ನನ್ನ ಹಾರಾಟ ನಿಲ್ಲಿಸಿದ್ದಕ್ಕೆ ತೃಪ್ತವಾಗದೆ, ರೋಗದ ಬೇರಿಗೇ ಕೈಹಾಕಿತು. ಮೆಸ್ಸಿನಿಂದ ಎದ್ದರೂ, ತರಗತಿ ಬಿಟ್ಟರೂ, ಬಚ್ಚಲಮನೆಗೆ ಹೊರಟರೂ ನಾನು ‘ಹೋಗುತ್ತೇನೆ’ ಎಂದೇ ಹೇಳತಕ್ಕದ್ದು; ನಾಲಿಗೆ ಪೂರ್ತಿ ಶುದ್ಧವಾದ ಮೇಲಷ್ಟೇ ಮರುಪರೀಕ್ಷೆ; ಇಲ್ಲವಾದರೆ ಕಂಪನಿಯ ಆಯ್ಕೆಯಿಂದ ನನ್ನ ಹೆಸರು ಕಡಿತ. ಅಂದರೆ ನನಗೆ ಕೊನೆಗೆ ಉಳಿಯುವುದು ಎರೆಹುಳುವಿನ ಜ್ಞಾನ ಮತ್ತು ಒಂದು ಜೊತೆ ಸಮವಸ್ತ್ರ. ‘ಆ ಹಳ್ಳಿ ನಾಲಿಗೇನ ಗೇಟಿನ ಹೊರಗೆ ಬಿಟ್ಟು ಬಾ ಭಾರಂಬೆ. ನಾನೂ ಮರಾಠಿಯವನೇ, ನಂಗೇನಾದ್ರೂ ಹೀಗಾಗತ್ತಾ?’ ಎಂದು ತಾವು ಕೇಳಿದಿರಿ. ಪುಣೆಯ ಪೇಟೆಯಲ್ಲಿ ಹುಟ್ಟಿದವರ ನಾಲಿಗೆ ಬೇರೆಯೇ ಇರಬೇಕೆಂದು ನಾನೂ ತಲೆಯಾಡಿಸಿದೆ.

ಕೊನೆಗೆ ಸಮಿತಿ ನಾಲಿಗೆ ಶುದ್ಧವಾದದ್ದಕ್ಕೆ ಸಾಕ್ಷಿ ಕೇಳಿತು. ತಮ್ಮ ಮೇಜಿನ ಮೇಲೆ ನನ್ನ ಫೋನು, ಸ್ಪೀಕರ್ ಜೋರು, ಆ ಕಡೆ ಆಯಿ. ಊಟ ಆಯಿತೇ ಎಂದೆಲ್ಲ ವಿಚಾರಿಸಿ, ಅವಳು ಫೋನು ಇಡಲು ಹೊರಟಾಗ ತಾವು ಬೆರಳು ತೋರಿಸಿದಿರಿ. ‘ಆಯಿ, ಹೋಗ್ತೀನಿ’ ಎಂದೆ. ಆ ಕಡೆಯಿಂದ ‘ಹೇಮೂ, ಎಲ್ಲಿಗೆ? ಯಾರ ಜೊತೆ?’ ಎಂಬ ಧ್ವನಿ. ಅಪ್ಪ ಹೋದ ದಿನದ ಧ್ವನಿ ಅದು. ನಾನು ಬಾಯಿ ತೆರೆಯುವ ಮುಂಚೆ ತಾವು ಫೋನು ಕಡಿದು ‘ಶಹಭಾಸ್!’ ಎಂದಿರಿ. ಮಾನ್ಯರೇ, ಆ ಕ್ಷಣದಲ್ಲಿ ತಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯುವಷ್ಟು ಸಭ್ಯ ಭಾಷೆ ನನಗೆ ತಿಳಿಯದು. ಆಮೇಲೆ ಎಷ್ಟು ಸಲ ಕರೆದರೂ ಅವಳು ಎತ್ತಲಿಲ್ಲ, ಆಗಲೇ ಬಸ್ಸಿನಲ್ಲಿದ್ದಳು.

ಮರುದಿನ ಬೆಳಗ್ಗೆ ಆಯಿ ಒಂದು ಕೈಯಲ್ಲಿ ಜೋಳದ ಭಾಕರಿಯ ಗಂಟು, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ತಮ್ಮ ಕಚೇರಿಗೆ ಬಂದಳು. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು ಅಷ್ಟೇ, ಬೇರೆ ಉದ್ದೇಶವಿರಲಿಲ್ಲ. ಆದರೂ ತಾವು ಮೇಜಿನ ಹಿಂದಕ್ಕೆ ಸರಿದದ್ದು ವಿವೇಕವೇ. ನಾನು ಓಡಿಹೋಗಿಲ್ಲ, ಸತ್ತಿಲ್ಲ ಎಂದು ಮುಟ್ಟಿ ನೋಡಿದ ಮೇಲೆ ಅವಳು ತಮ್ಮತ್ತ ತಿರುಗಿದಳು. ‘ರೇಡಿಯೋಲಿ ಏನು ಬೇಕಾದ್ರೂ ಅನ್ಲಿ ಸಾಹೇಬ್ರೇ, ಅದು ಅವಳ ಕೆಲ್ಸ. ನನ್ನ ಹತ್ರ ಯಾಕೆ ಅನ್ನಿಸ್ತೀರಿ? ಒಬ್ಬರ ಬಾಯಲ್ಲಿ ಕೇಳಿದ್ದು ಸಾಲ್ದಾ ನಂಗೆ?’ ತಾವು ಅಂತರರಾಷ್ಟ್ರೀಯ ನಿಯಮಾವಳಿಯನ್ನು ಬಹಳ ತಾಳ್ಮೆಯಿಂದ ವಿವರಿಸಿದಿರಿ. ಅವಳು ಅಷ್ಟೇ ತಾಳ್ಮೆಯಿಂದ ಕೇಳಿದಳು. ಸೌಜನ್ಯಕ್ಕೆ ಗೇಟಿನ ತನಕವೂ ಬಂದಿರಿ. ಅಲ್ಲಿ ಅವಳು ತಮಗೆ ಕೈಮುಗಿದು, ‘ಆಯ್ತು, ನಿಮ್ಮ ನಿಯಮಾನೇ ನಡೀಲಿ. ಹೋಗ್ತೀನಿ’ ಎಂದಳು.

‘ಛೇ ಛೇ, ಹಾಗನ್ನಬಾರ್ದು ತಾಯೀ! ಬರ್ತೀನಿ ಅನ್ನಿ, ಬರ್ತೀನಿ ಅನ್ನಿ!’

ಈ ಮಾತು ತಮ್ಮದು, ಮಾನ್ಯರೇ. ಆತುರಕ್ಕೆ ಕಪ್ಪು ಕನ್ನಡಕ ಕೂಡ ಕೈಗೆ ಬಂದಿತ್ತು. ಆಯಿ ‘ಬರ್ತೀನಿ’ ಎಂದಳು, ತಾವು ‘ಬನ್ನಿ’ ಎಂದಿರಿ, ಗೇಟಿನ ಕಾವಲುಗಾರ ತನ್ನ ಟೋಪಿ ಸರಿಮಾಡಿಕೊಂಡ.

ಆದ್ದರಿಂದ ನನ್ನ ಕೋರಿಕೆಗಳು ಅತ್ಯಲ್ಪ. ಕಾನೂನು ಎಲ್ಲರಿಗೂ ಒಂದೇ ಆದ್ದರಿಂದ ತಾವೂ ನಾಲಿಗೆ ಶುದ್ಧವಾಗುವ ತನಕ ನೆಲದ ಮೇಲೆ ಉಳಿಯಬೇಕು. ಪ್ಲಾಸ್ಟಿಕ್ ಕುರ್ಚಿ ನಾನು ಕೊಡುತ್ತೇನೆ, ಕಾಗದದ ಕಾಕ್‌ಪಿಟ್ಟಿನ ಎಡಬದಿಯ ಗುಂಡಿಗಳು ಮಾತ್ರ ಸ್ವಲ್ಪ ಸವೆದಿವೆ. ಅದು ಆಗದಿದ್ದರೆ ರನ್‌ವೇಯ ತುದಿಗೆ ಅರಿಸಿನ ಕುಂಕುಮ ಹಚ್ಚಿದ ಒಂದು ಹೊಸಲು ಇಡಿಸಿ, ಟವರ್‌ನಲ್ಲಿ ಒಬ್ಬ ಅಜ್ಜಿಯನ್ನು ನೇಮಿಸಬೇಕು. ಅದೂ ಆಗದಿದ್ದರೆ, ನನ್ನ ಆಯಿಗೆ ಒಂದು ಫೋನು ಮಾಡಿ, ಅವಳ ಮಗಳು ಎಲ್ಲಿಗೂ ಹೋಗುವುದಿಲ್ಲವೆಂದು ತಾವೇ ತಮ್ಮ ಬಾಯಿಂದ ಹೇಳಬೇಕು. ನಾನು ಹೇಳಿದರೆ ಅವಳು ಈಗ ನಂಬುತ್ತಿಲ್ಲ.

ತಮ್ಮ ವಿಶ್ವಾಸಿ,
ಹೇಮಾಂಗಿ ಭಾರಂಬೆ
(ಸದ್ಯ ಭೂಚರಿ)

ತಾ.ಕ.: ನಾಳೆಯೇ ಮರುಪರೀಕ್ಷೆ ಎಂದು ಈಗಷ್ಟೇ ತಿಳಿಯಿತು, ಉಪಕಾರವಾಯಿತು. ರೇಡಿಯೋದಲ್ಲಿ ‘ಲೀವಿಂಗ್’ ಎಂದೇ ಹೇಳುತ್ತೇನೆ, ಕಿವುಡರಿಗೂ ಕೇಳುವಂತೆ. ಆದರೆ ಬಾಗಿಲು ಹಾಕಿಕೊಳ್ಳುವ ಮುಂಚೆ, ಕೆಳಗೆ ನಿಂತ ತಮ್ಮ ಮುಖ ನೋಡಿ ‘ಬರ್ತೀನಿ ಸರ್’ ಎನ್ನುವವಳಿದ್ದೇನೆ. ತಾವು ‘ಬಾ’ ಎಂದರೆ ಸಾಕು. ನಿಯಮ ಅಡ್ಡಬಂದರೆ ಸುಮ್ಮನೆಯೂ ನಿಲ್ಲಬಹುದು; ಹಾಗಿದ್ದಲ್ಲಿ ವಿಮಾನ ತಮಗೆ ವಾಪಸು ಬೇಕಿಲ್ಲವೆಂದು ತಿಳಿಯುತ್ತೇನೆ, ವಿಮೆಯವರಿಗೆ ಇವತ್ತೇ ಒಂದು ಮಾತು ಹೇಳಿಟ್ಟಿರಿ.