ಅಕ್ಕನ ಬಾಗಿಲಿನ ಇಳಿಜಾರು

ನೆಟ್ಟಗಿರುವುದನ್ನು ಇನ್ನಷ್ಟು ನೆಟ್ಟಗೆ ಮಾಡಲು ಹೋಗುವ ಕಾಯಿಲೆಯೊಂದಿದೆ. ಅದು ನನಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಮನೆಯ ಗೋಡೆ ಗಡಿಯಾರ ಸ್ವಲ್ಪ ಹಿಂದೆ ಬೀಳುತ್ತದೆಂದು ಬಿಚ್ಚಿದೆ. ಅಂದಿನಿಂದ ಅದು ಹಿಂದೆಯೂ ಬೀಳಲಿಲ್ಲ, ಮುಂದೆಯೂ ಹೋಗಲಿಲ್ಲ. ಕಿರುಗುಟ್ಟುತ್ತಿದ್ದ ಹಿತ್ತಿಲ ಬಾಗಿಲನ್ನು ಸರಿಮಾಡಿದೆ. ಆಮೇಲೆ ಅದನ್ನು ತೆರೆಯಬೇಕೆಂದರೆ ಎತ್ತಿ ಪಕ್ಕಕ್ಕೆ ಇಡಬೇಕಾಯಿತು. ನನ್ನ ಹೆಂಡತಿ ಮದುವೆಯ ಹೊಸದರಲ್ಲೇ ನನ್ನನ್ನು ಅರ್ಥಮಾಡಿಕೊಂಡಳು. ನನ್ನ ಕೈಯಲ್ಲಿ ಸ್ಪ್ಯಾನರ್ ಕಂಡರೆ ಸಾಕು, ಅದೊಂದಾದರೂ ಉಳಿಯಲಿ ಎಂದು ಹೋಗಿ ಬೀಸುವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ಇಂಥವನ ಕೈಗೆ ಒಂದು ಲಾರಿ ಸಿಕ್ಕಿದ ಮೇಲೆ ಏನಾಗಬೇಕೋ ಅದೇ ಆಯಿತು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಕೊಂಡಿದ್ದ ಪೆಟ್ರೋಲ್ ಲಾರಿ ಅದು. ಚನ್ನಗಿರಿಯಿಂದ ಹೊರಟು ನ್ಯಾಮತಿ, ಹೊನ್ನಾಳಿಗಳಲ್ಲಿ ಭತ್ತ ಬೆಲ್ಲ ಹೇರಿಕೊಂಡು ಜಗಳೂರಿಗೆ ಹೋಗುವುದು, ಅಲ್ಲಿಂದ ಶೇಂಗಾ ತುಂಬಿಕೊಂಡು ಬರುವುದು, ಇದು ನನ್ನ ಬದುಕು. ಮುಂದೆ ನಿಂತು ಹ್ಯಾಂಡಲ್ಲನ್ನು ಅರ್ಧ ಸುತ್ತು ತಿರುಗಿಸಿದರೆ ಲಾರಿ ಗೊಣಗದೆ ಶುರುವಾಗುತ್ತಿತ್ತು. ಜಗಳೂರಿನಲ್ಲಿ ನನ್ನ ಅಕ್ಕನ ಮನೆ. ಅವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ. ಅವಳಿಗೆ ತವರಿನವನು ಅಂತ ಉಳಿದವನೂ ನಾನೊಬ್ಬನೇ. ಅವಳ ಬಾಗಿಲಲ್ಲಿ ಲಾರಿ ನಿಲ್ಲಿಸಿ, ರೊಟ್ಟಿ ಎಣ್ಣೆಗಾಯಿ ಉಂಡು, ಪಡಸಾಲೆಯಲ್ಲಿ ಕಾಲು ಚಾಚಿದರೆ ಅವಳು ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಮಾತು ತೆಗೆಯುತ್ತಿದ್ದಳು. ಅಕ್ಕನದು ಮೆಲುದನಿ. ಅವ್ವನದೂ ಹಾಗೇ ಇತ್ತಂತೆ, ನನಗೆ ನೆನಪಿಲ್ಲ. ಆ ದನಿ ಕೇಳುತ್ತಾ ನಿದ್ದೆ ಹೋಗುವುದು ನನ್ನ ಅಭ್ಯಾಸ, ನಾನು ನಿದ್ದೆ ಹೋದ ಮೇಲೂ ಹೇಳುತ್ತಲೇ ಇರುವುದು ಅವಳ ಅಭ್ಯಾಸ.

ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ ಬಂತು. ಯುದ್ಧ ಮುಗಿದರೂ ಕೂಪನ್ ಮುಗಿಯಲಿಲ್ಲ. ಅಮಲ್ದಾರರ ಕಚೇರಿಯ ಮುಂದೆ ನಿಂತು ನಿಂತು ಬೇಸತ್ತಿದ್ದ ಹೊತ್ತಿನಲ್ಲಿ ದಾವಣಗೆರೆಯ ಒಬ್ಬ ಲಾರಿ ಮೇಸ್ತ್ರಿ ಗಂಟುಬಿದ್ದ. "ಮಿಲಿಟರಿ ಹರಾಜಿನಾಗೆ ಬಂದ ಡೀಸೆಲ್ ಇಂಜಿನ್ ಒಂದೈತ್ರಿ. ನಿಮ್ಮ ಲಾರಿಗೆ ಕೂರಿಸಿಬಿಡಾಣ. ಒಂದ್ಸಲ ಶುರು ಆತಂದ್ರೆ ನಿಲ್ಲಾದೇ ಇಲ್ಲ ನೋಡ್ರಿ" ಎಂದ. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳಿದಳು, "ಇರಾ ಇಂಜಿನ್ನಿಗೆ ಏನಾಗೈತ್ರಿ?"

"ಏನೂ ಆಗಿಲ್ಲ, ಚಲೋ ಐತೆ."

"ಮತ್ತೆ?"

ನಾನು ಲಾರಿ ಹತ್ತಿ ದಾವಣಗೆರೆಗೆ ಹೊರಟೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿಯಾದ ಮೇಲೆ ಮೇಸ್ತ್ರಿ, ಇದನ್ನು ಶುರುಮಾಡಲು ದೊಡ್ಡ ಬ್ಯಾಟರಿ ಬೇಕು, ಸದ್ಯಕ್ಕೆ ಅದು ಎಲ್ಲೂ ಸಿಕ್ಕುವುದಿಲ್ಲ ಎಂದ. "ಹ್ಯಾಂಡಲ್ ಐತಲ್ರಿ" ಎಂದು ಸಮಾಧಾನವನ್ನೂ ಹೇಳಿದ. ಹ್ಯಾಂಡಲ್ ಇತ್ತು ನಿಜ. ಆದರೆ ಗರಡಿಯ ಪೈಲ್ವಾನರು ಜೋತುಬಿದ್ದರೂ ಅದು ಅಲುಗಲಿಲ್ಲ. ಉಳಿದದ್ದು ಒಂದೇ ದಾರಿ: ಲಾರಿಯನ್ನು ಇಳಿಜಾರಿನಲ್ಲೇ ನಿಲ್ಲಿಸುವುದು, ಹೊರಡುವಾಗ ಉರುಳಬಿಟ್ಟು, ಓಟ ಸಿಕ್ಕಿದ ಮೇಲೆ ಗೇರ್ ಹಾಕಿ ಇಂಜಿನ್ ಎಬ್ಬಿಸುವುದು.

ಅಲ್ಲಿಂದ ಮುಂದೆ ನನ್ನ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ಊರುಗಳು, ಇಳಿಜಾರು ಇರುವವು ಮತ್ತು ಇಲ್ಲದವು. ಚನ್ನಗಿರಿಯಲ್ಲಿ ಕೋಟೆಗುಡ್ಡದ ಬುಡವಿತ್ತು. ನ್ಯಾಮತಿಯಲ್ಲಿ ಹುಡುಕಿ ಹುಡುಕಿ ಒಂದು ಏರಿ ಕಂಡುಕೊಂಡೆ. ಹೊನ್ನಾಳಿಯಲ್ಲಿ ಹೊಳೆಗಿಳಿಯುವ ದಾರಿ ಏನೋ ಚೆನ್ನಾಗಿತ್ತು, ಆದರೆ ಇಂಜಿನ್ ಹಿಡಿಯದಿದ್ದರೆ ಮುಂದೆ ತುಂಗಭದ್ರೆಯೇ. ಬಟ್ಟೆ ಒಗೆಯುವವರು ನನ್ನ ಲಾರಿ ಸದ್ದಿಲ್ಲದೆ ಉರುಳಿ ಬರುವುದನ್ನು ಕಂಡರೆ ಬಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು. ನೆಂಟರೊಬ್ಬರು ಬಸವಾಪಟ್ಟಣದ ಕಡೆ ಹೆಣ್ಣು ನೋಡಲು ಕರೆದಾಗ ನಾನು ಮೊದಲು ಕೇಳಿದ್ದು, "ಊರಾಗೆ ಇಳಿಜಾರು ಐತಾ?" ಎಂದು. ಅವರು ಮತ್ತೆ ಯಾವ ಶುಭಕಾರ್ಯಕ್ಕೂ ನನ್ನನ್ನು ಕರೆಯಲಿಲ್ಲ.

ಅಕ್ಕನ ಬೀದಿಯಲ್ಲಿ ಮಾತ್ರ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು. ಮೊದಲ ಸಲ ಹಳೆಯ ಅಭ್ಯಾಸದಂತೆ ಅಲ್ಲಿ ಇಂಜಿನ್ ನಿಲ್ಲಿಸಿಬಿಟ್ಟೆ. ಹೊರಡುವಾಗ ಬೀದಿಯವರೆಲ್ಲ ತಳ್ಳಿದರು, ಆಗಲಿಲ್ಲ. ಕೊನೆಗೆ ಭಾವ ಎತ್ತು ಕಟ್ಟಿಸಿ ಎಳೆಸಿದರು. ಇಂಜಿನ್ ಒಮ್ಮೆಲೇ ಅಬ್ಬರಿಸಿತು ನೋಡಿ, ಎತ್ತುಗಳು ಹಗ್ಗ ಹರಿದುಕೊಂಡು ಓಡಿ, ಬಿಳಿಚೋಡಿನ ದಾರಿಯಲ್ಲಿ ಸಿಕ್ಕವಂತೆ. ಆಮೇಲೆ ನನ್ನ ಲಾರಿಯ ಸದ್ದು ಕೇಳಿದರೆ ಆ ಬೀದಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

ಹಾಗಾಗಿ ಅಕ್ಕನ ಮನೆ ಮುಂದೆ ಇಂಜಿನ್ ನಿಲ್ಲಿಸುವ ಮಾತೇ ಬಿಟ್ಟೆ. ಅದು ಬಡಬಡಿಸುತ್ತಲೇ ಇರುವುದು, ನಾನು ಒಂದು ಕಾಲನ್ನು ಲಾರಿಯ ಮೆಟ್ಟಿಲ ಮೇಲಿಟ್ಟು ಮಜ್ಜಿಗೆ ಕುಡಿಯುವುದು, ರೊಟ್ಟಿಯ ಗಂಟು ಇಸಕೊಂಡು ಹೊರಡುವುದು. ಅಕ್ಕ ಏನೋ ಹೇಳುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ತುಟಿ ಮಾತ್ರ. ಒಂದು ಸಲ ಹೊಗೆಗೆ ಕೆಮ್ಮುತ್ತಾ, ಗಂಟಲು ಹರಿದುಕೊಂಡು ಕೂಗಿದಳು, "ಕೂತು ಮಾತಾಡಿ ಎಷ್ಟು ದಿನ ಆತೋ ತಮ್ಮಾ." ಕೂಗಿ ಗೊತ್ತಿಲ್ಲದ ಹೆಂಗಸು ಅವಳು. "ಮುಂದಿನ ಸಲ ಅಕ್ಕಾ" ಎಂದೆ. ಪ್ರತಿ ಸಲವೂ ಅದನ್ನೇ ಅನ್ನುತ್ತಿದ್ದೆ.

ಹೀಗೆಯೇ ಎರಡು ಶೇಂಗಾ ಬೆಳೆ ಕಳೆದವು. ಒಂದು ಮಧ್ಯಾಹ್ನ ಹೋದರೆ ಬಾಗಿಲ ಪಕ್ಕದಲ್ಲಿ ಒಂದು ಮಣ್ಣಿನ ದಿಬ್ಬ. ಅದರ ಮೇಲೆ ನಿಂತು ಅಕ್ಕ ಎರಡೂ ಕೈಯಲ್ಲಿ ನನ್ನನ್ನು ಕರೆಯುತ್ತಿದ್ದಾಳೆ. ಭಾವನ ಬೆನ್ನುಹತ್ತಿ, ಬಾವಿಯ ಹೂಳು ತೆಗೆಸಿ, ಗಾಡಿಗಳಲ್ಲಿ ಹೊರಿಸಿ, ಕಲ್ಲು ಹಾಕಿಸಿ ಗಟ್ಟಿಮಾಡಿಸಿ, ಲಾರಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಹಾಗೆ ಮಾಡಿಸಿದ್ದಳು. ಭಾವ ಕಟ್ಟೆಯ ಮೇಲೆ ಕೂತಿದ್ದರು. ಅವರದು ಊರಿಗೆಲ್ಲ ಕೇಳುವ ಗಂಟಲು. "ನಿಮ್ಮಕ್ಕ ಊರಿಗೇ ಗುಡ್ಡ ತಂದಾಳೆ, ಹತ್ತಿಸಪ್ಪ" ಎಂದರು. ಹತ್ತಿಸಿ, ಗಾಲಿಗೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿದೆ. ಕಣ್ಣಲ್ಲಿ ನೀರು ಬಂತು, ಹೊಗೆ ಎಂದು ಒರೆಸಿಕೊಂಡೆ.

ಬಹಳ ದಿನಗಳ ಮೇಲೆ ಅದೇ ಪಡಸಾಲೆ, ಅದೇ ಬಿಸಿ ರೊಟ್ಟಿ. ಉಂಡು ಕಾಲು ಚಾಚಿದೆ. ಅಕ್ಕ ಮೊರ ಎಳೆದುಕೊಂಡು ಶೇಂಗಾ ಸುಲಿಯುತ್ತಾ ಕೂತಳು. ಸ್ವಲ್ಪ ಹೊತ್ತಾದರೂ ಯಾಕೆ ಮಾತು ತೆಗೆಯುವುದಿಲ್ಲ ಎಂದು ತಿರುಗಿ ನೋಡಿದರೆ ಅವಳ ತುಟಿ ಆಡುತ್ತಿತ್ತು. ನನ್ನ ಕಿವಿಯಲ್ಲಿ ಮಾತ್ರ ಒಂದೇ ಸಮನೆ ಗೊರಗೊರ.

"ಅಕ್ಕಾ, ಸ್ವಲ್ಪ ಜೋರಾಗಿ ಹೇಳು" ಎಂದೆ. ಎಂದೆ ಅಂತ ನಾನು ತಿಳಿದಿದ್ದೆ. ಕೂಗಿದ್ದಿರಬೇಕು, ಅಂಗಳದ ಗುಬ್ಬಿಗಳು ಹಾರಿಹೋದವು.

ಅಕ್ಕ ಒಮ್ಮೆ ಹೊರಗೆ ದಿಬ್ಬದ ಮೇಲೆ ಸುಮ್ಮನೆ ನಿಂತಿದ್ದ ಲಾರಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಹತ್ತಿರ ಬಂದು ನನ್ನ ಕಿವಿಯಲ್ಲಿ ಕೂಗಿದಳು, "ಇಂಜಿನ್ ಬಂದ್ ಮಾಡಿ ಬಂದೀಯೋ, ಕಿವಿಯಾಗೆ ಇಟ್ಕೊಂಡು ಬಂದೀಯೋ?"

ಮೇಸ್ತ್ರಿಯನ್ನು ದೂರಲಾರೆ. ಒಂದು ಸಲ ಶುರುವಾದರೆ ನಿಲ್ಲುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಈಗ ದೊಡ್ಡ ಬ್ಯಾಟರಿ ಸಿಕ್ಕಿದೆ, ದಿಬ್ಬದ ಅಗತ್ಯವಿಲ್ಲ; ಆದರೂ ಅಲ್ಲೇ ನಿಲ್ಲಿಸುತ್ತೇನೆ. ಉಂಡ ಮೇಲೆ ಕೆಲವೊಮ್ಮೆ ಅಕ್ಕನನ್ನು ಕೇಳುತ್ತೇನೆ, ಅವ್ವನ ದನಿ ಹೆಂಗಿತ್ತು ಎಂದು. ಅಕ್ಕ ಮೊರ ಕೆಳಗಿಟ್ಟು, ಉಸಿರು ಎಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಮೆಲ್ಲಗಿತ್ತಪ್ಪಾ, ಬಾಳ ಮೆಲ್ಲಗಿತ್ತು."