ಕಟ್ಟಿ ಹಾಕದ ಆನೆ ನೋಡಲು ಯಾವ ತಿಂಗಳು ಒಳ್ಳೆಯದು?

ಭೂಗೋಳ ಓದಿದವನ ಮನೆಯವರು ಪ್ರವಾಸ ಹೊರಡುವುದು ಬಹಳ ಕಷ್ಟ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ನಾನು ಭೂಗೋಳದ ಮೇಷ್ಟ್ರು. ಮುಂಗಾರು ಮಾರುತ ಎಲ್ಲಿ ಹುಟ್ಟುತ್ತದೆ, ಯಾವ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ, ಬಳ್ಳಾರಿಗೆ ಬರುವಷ್ಟರಲ್ಲಿ ಏಕೆ ಖಾಲಿಯಾಗಿರುತ್ತದೆ ಎಂಬುದನ್ನೆಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ನಾನು ಕಣ್ಣು ಮುಚ್ಚಿ ಹೇಳುವಾಗ ಮಕ್ಕಳೂ ಕಣ್ಣು ಮುಚ್ಚಿಕೊಂಡಿರುತ್ತಾರೆ, ಅದು ಬೇರೆ ಮಾತು.

ಎಪ್ಪತ್ತರ ದಶಕದಲ್ಲಿ ಒಂದು ದಿನ ಅವ್ವ ರೊಟ್ಟಿ ತಟ್ಟುತ್ತ ತನ್ನ ಆಸೆ ಹೇಳಿದಳು. ಅವಳು ಅದುವರೆಗೆ ನೋಡಿದ್ದು ಗುಡಿ ಮುಂದೆ ಸೊಂಡಿಲು ಚಾಚಿ ಚಿಲ್ಲರೆ ಕೇಳುವ ಆನೆಯನ್ನು ಮಾತ್ರ.

"ಯಾರೂ ಕಟ್ಟಿ ಹಾಕದ ಆನಿ ಒಂದ್ಸಲ ನೋಡ್ಬೇಕಪ್ಪ. ತನ್ನ ಮನಸಿಗೆ ಬಂದಂಗ ತಿರುಗಾಡೋ ಆನಿ."

ಬಂಡೀಪುರಕ್ಕೆ ಹೋಗೋಣ ಎಂದು ಕೂಡಲೇ ಒಪ್ಪಿಕೊಂಡೆ. ಯಾವಾಗ ಹೋಗುವುದೆಂಬ ಪ್ರಶ್ನೆಯಲ್ಲಿ ಸಿಕ್ಕಿಬಿದ್ದೆ. ಬೇಸಿಗೆಯೇ ಸರಿ ಎಂಬುದು ನನ್ನ ವಾದ. ಎಲೆ ಉದುರಿ ಕಾಡು ಬಯಲಾಗಿರುತ್ತದೆ, ಹಳ್ಳಗಳು ಬತ್ತಿ ಪ್ರಾಣಿಗಳು ಕೆರೆಗೇ ಬರಬೇಕಾಗುತ್ತದೆ. ಹೆಂಡತಿ ಗಿರಿಜಾ ಇದನ್ನು ಕೇಳಿ ನನ್ನ ಹಣೆ ಮುಟ್ಟಿ ನೋಡಿದಳು.

"ಬಳ್ಳಾರಿ ಬಿಸಿಲು ಸಾಲಲ್ಲಂತ ರೊಕ್ಕ ಕೊಟ್ಟು ಇನ್ನೊಂದು ಬಿಸಿಲಿಗೆ ಹೋಗಾಕ ಯಾರಿಗೆ ಹುಚ್ಚು ಹಿಡದೈತ್ರಿ? ದಸರಾ ರಜಾದಾಗ ಹೋಗೋಣು."

ಸಿರುಗುಪ್ಪದಿಂದ ಅಕ್ಕಿ ಮೂಟೆಯೊಂದಿಗೆ ಬಂದ ಮಾವನವರು ಮಳೆಗಾಲದ ಪರವಾಗಿ ನಿಂತರು. "ಎಮ್ಮಿ ಆಗ್ಲಿ ಆನಿ ಆಗ್ಲಿ, ಹಸರು ಕಂಡಲ್ಲಿ ಬರ್ತಾವ ಅಳಿಯಂದ್ರೇ. ಒಣಗಿದ ಕಾಡಿನಾಗ ಅವಕ್ಕೇನು ಕೆಲಸ?"

ಹೀಗೆ ಮೂರು ಋತುಗಳಿಗೂ ನಮ್ಮ ಮನೆಯಲ್ಲಿ ವಕೀಲರು ಸಿಕ್ಕರು. ನಾನು ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ. ಕಾಡಿನ ಹತ್ತಿರಕ್ಕೂ ಹೋಗದವರೆಲ್ಲ ಖಚಿತವಾಗಿ ಸಲಹೆ ಕೊಟ್ಟರು. ಸಂಸ್ಕೃತದ ಪಂಡಿತರಂತೂ ಆನೆಯ ನಕ್ಷತ್ರ ಯಾವುದೆಂದು ಯೋಚಿಸತೊಡಗಿದರು. ಮಳೆ ಬಂತು, ದಸರಾ ಬಂತು, ಎರಡೂ ಹೋದವು. ಅವ್ವನ ಮಂಡಿನೋವು ಮಾತ್ರ ಯಾವ ಋತುವನ್ನೂ ಕಾಯದೆ ಜೋರಾಯಿತು.

ಕೊನೆಗೆ ಏಪ್ರಿಲ್ ರಜೆಗೆ ಟಿಕೆಟ್ ತೆಗೆಸುವ ಧೈರ್ಯ ಮಾಡಿದೆ. ಅಷ್ಟರಲ್ಲಿ ಅದೇ ವಾರ ಕುರುಗೋಡಿನಲ್ಲಿ ಅಕ್ಕನ ಮೈದುನನ ಮದುವೆ ಎಂದು ಕರೆ ಬಂತು. ನಾನು ಮತ್ತೆ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಅವ್ವ ಗೋಡೆ ಹಿಡಿದು ಎದ್ದು ಬಂದವಳೇ ಅದನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಮದವಿ ಬಾಳ ನೋಡೀನಿ. ಆನಿ ನೋಡಿಲ್ಲ. ನೀ ತಿಂಗಳು ಎಣಸ್ಕೋತ ಕುಂತ್ರ ನನ್ನ ಕಾಲು ಕೇಳಂಗಿಲ್ಲ. ನಡಿ!"

ನಡೆದೆವು. ಗಿರಿಜಾ ದಾರಿಯುದ್ದಕ್ಕೂ ಬೀಸಣಿಗೆಯನ್ನು ಆಯುಧದಂತೆ ಹಿಡಿದು ಕುಳಿತಿದ್ದಳು. ಬಂಡೀಪುರದಲ್ಲಿ ಸಂಜೆಯ ವ್ಯಾನು ಹತ್ತಿದಾಗ ಗಾರ್ಡು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ, "ಏನ್ ಸೆಕೆ ಸಾರ್! ತಡಕೊಳ್ಳೋಕಾಗಲ್ಲ," ಎಂದ. ಅಷ್ಟು ಹೊತ್ತಿಗೆ ಅವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಿದ್ದಳು. ಗಿರಿಜಾ ಬೀಸಣಿಗೆಯನ್ನು ಚೀಲಕ್ಕೆ ತುರುಕಿ ನನ್ನ ಟವೆಲ್ಲನ್ನು ಹೊದ್ದುಕೊಂಡಳು. "ಕಿಟಕಿ ಹಾಕ್ರಿ, ಥಂಡಿ ಹೊಡೀತೈತಿ," ಎಂದು ಅವ್ವ ಹೇಳಿದಾಗ ಮೈಸೂರಿನ ಪ್ರವಾಸಿಗರು ಬೆವರು ಒರೆಸುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದರು.

ಕೆರೆಯ ಬಳಿ ವ್ಯಾನು ನಿಂತಿತು. ಎಲೆಯಿಲ್ಲದ ಮರಗಳ ನಡುವಿನಿಂದ ಆನೆಗಳು ಒಂದರ ಹಿಂದೊಂದು ಇಳಿದು ಬಂದವು. ತಾಯಿಯ ಕಾಲುಗಳ ಸಂದಿಯಲ್ಲಿ ಒಂದು ಮರಿ ಎಡವುತ್ತ ಬಂದು ಕೆಸರಿನಲ್ಲಿ ಕೂತೇಬಿಟ್ಟಿತು. ನಾನು ಪರ್ಣಪಾತಿ ಕಾಡುಗಳ ಬಗ್ಗೆ ಎರಡು ಮಾತು ಹೇಳಲು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಕಾಲಾಗ ಸರಪಳಿ ಇಲ್ಲ ನೋಡೋ," ಎಂದು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನಾನು ಪಾಠ ಬಿಟ್ಟು ಆನೆಗಳ ಕಾಲು ನೋಡತೊಡಗಿದೆ.

ಊರಿಗೆ ಮರಳಿದ ಮೇಲೆ ನನ್ನ ವಾದವೇ ಗೆದ್ದಿತೆಂದು ಬೀಗುತ್ತಿದ್ದೆ. ಎದುರುಮನೆಯ ಶಾಂತಮ್ಮ, "ನಾವೂ ಹೋಗ್ಬೇಕಂತ ಮಾಡೀವಿ. ಯಾವಾಗ ಹೋದ್ರ ಚಲೋ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಉತ್ತರ ಕೊಟ್ಟಾಗಿತ್ತು.

"ಚಳಿಗಾಲದಾಗ ಹೋಗ್ರಿ ಶಾಂತವ್ವ. ನಾವೂ ಚಳಿಗಾಲದಾಗ ಹೋಗಿದ್ವಿ. ಗಡಗಡ ನಡುಗಿದ್ವಿ!"

ಶಾಂತಮ್ಮ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಭೂಗೋಳದಲ್ಲಿ ಎಂ.ಎ. ಮಾಡಿದ್ದೇನೆ, ನಿಜ. ಆದರೆ ಊಟ ಬಡಿಸುವವಳು ಅವ್ವ.