ಆರಾಮಕುರ್ಚಿಯ ಮೇಲೊಂದು ಮತ ವಿಭಜನೆ

ಗುಮಾಸ್ತರ ಆರಾಮಕುರ್ಚಿಯನ್ನು ಗುಜರಿಗೆ ಹಾಕಲೇಬೇಕೆಂದು ಅವರ ಹೆಂಡತಿ ಪಟ್ಟು ಹಿಡಿದಳು. ಅದರ ಒಂದು ಕಾಲು ಕುಂಟು, ಬೆತ್ತ ಜೋಲುಬಿದ್ದಿತ್ತು, ಒಪ್ಪೋಣ. ಆದರೆ ಇಡೀ ಮನೆಯಲ್ಲಿ ಆ ಪಾಪದ ಮನುಷ್ಯ ತನ್ನದು ಅಂತ ಹೇಳಿಕೊಳ್ಳಬಹುದಾಗಿದ್ದ ಜಾಗ ಅದೊಂದೇ.

ಇಪ್ಪತ್ತೆಂಟು ವರ್ಷ ಶಾಸನಸಭೆಯಲ್ಲಿ ಮತ ಎಣಿಸಿದ ತಲೆ, ಸುಮ್ಮನಿರುತ್ತದೆಯೇ? "ಮತ ವಿಭಜನೆ ಆಗಲಿ, ತಲೆ ಎಣಿಸಿ ಸದನವೇ ತೀರ್ಮಾನ ಮಾಡಲಿ" ಎಂದು ಊಟದ ಮೇಜಿನ ತುದಿಯಲ್ಲಿ ಸಭಾಧ್ಯಕ್ಷರಾಗಿ ಕೂತೇಬಿಟ್ಟರು. (ಚುನಾಯಿಸಿದವರು ಯಾರು ಅಂತ ಕೇಳಬೇಡಿ.) ಲೆಕ್ಕ ಪಕ್ಕಾ ಇತ್ತು. ಹೆಂಡತಿ, ಮಗಳು ಆ ಕಡೆ. ಅಮ್ಮ, ಮತ್ತು ದಿನಾ ಊಟವಾದ ಮೇಲೆ ಅದೇ ಕುರ್ಚಿಯಲ್ಲಿ ಗೊರಕೆ ಹೊಡೆಯುವ ಭಾವಮೈದುನ ಈ ಕಡೆ. ಅಧ್ಯಕ್ಷರು ಮೊದಲೇ ಮತ ಹಾಕುವಂತಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಅವರದೇ ಕೊನೆಯ ಮತ. ಸಮ ಬಂದೇ ಬರುತ್ತೆ ಅಂತ ಒಳಗೊಳಗೇ ಬೀಗಿದರು.

ಅಮ್ಮ ಒಣಗಿದ ಬಟ್ಟೆ ತರಲು ಹೊರಗಿನ ಮೆಟ್ಟಿಲು ಹತ್ತಿ ಮಹಡಿಗೆ ಹೋಗಿದ್ದರು. ಸದಸ್ಯರನ್ನು ಕರೆಯಲು ಗುಮಾಸ್ತರು ದೇವರಮನೆಯ ಗಂಟೆ ತಂದು, ಗಡಿಯಾರ ನೋಡಿಕೊಂಡು ಮೂರು ನಿಮಿಷ ಬಾರಿಸಿದರು. ಅದು ಅಮ್ಮನ ಕಿವಿಗೇನೋ ಬಿತ್ತು, ಮೊಣಕಾಲು ಕೇಳಬೇಕಲ್ಲ. ಗಂಟೆ ನಿಂತ ಕೂಡಲೇ ಬಾಗಿಲು ಹಾಕಬೇಕು, ಆಮೇಲೆ ಯಾರನ್ನೂ ಬಿಡುವಂತಿಲ್ಲ ಅನ್ನುವುದು ಸದನದ ನಿಯಮ. ಅಭ್ಯಾಸಬಲ ನೋಡಿ, ಎದ್ದುಹೋಗಿ ಚಿಲಕ ಜಡಿದು ಬಂದು ತಲೆ ಎಣಿಸಿದರೆ ಒಂದು ಕಮ್ಮಿ.

ಅಮ್ಮ ಹೊರಗಿನಿಂದ ಬಾಗಿಲು ದಬದಬ ಬಡಿದರು. "ತೆಗಿಯೋ, ನಾನು ಕಣೋ."

"ತೆಗೀರಿ, ನಂದೇನೂ ಅಡ್ಡಿಯಿಲ್ಲ," ಎಂದಳು ಹೆಂಡತಿ ತಣ್ಣಗೆ. "ಆದ್ರೆ ಇನ್ನೊಂದು ಸಲ ಈ ಮನೇಲಿ ನಿಯಮ ಅಂತ ಬಾಯಿ ಬಿಡಬಾರದು, ಅಷ್ಟೇ."

ಗುಮಾಸ್ತರ ಕೈ ಚಿಲಕದವರೆಗೆ ಹೋಯಿತು, ವಾಪಸ್ ಬಂತು. "ಮತ ವಿಭಜನೆ ನಡೀತಿದೆಯಮ್ಮಾ, ಸ್ವಲ್ಪ ತಾಳು."

"ನಿನ್ನ ವಿಭಜನೆಗೆ ಬೆಂಕಿ ಬೀಳ. ಬಟ್ಟೆ ಹೊತ್ತು ತೋಳು ಬಿದ್ದುಹೋಗ್ತಿದೆ."

ಎರಡಕ್ಕೆ ಒಂದು. ಸಮ ಬರಲಿಲ್ಲ, ಅಧ್ಯಕ್ಷರ ಮತ ಗಂಟಲಲ್ಲೇ ಉಳಿಯಿತು. ಬಾಗಿಲು ತೆಗೆದು ಕುರ್ಚಿಯನ್ನು ಅಂಗಳಕ್ಕೆ ಸಾಗಿಸಿ, ಮತ್ತೆ ಮೇಜಿನ ತುದಿಗೆ ಬಂದು ಕೂತರು.

ಅಮ್ಮ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಒಗೆದರು. "ನಂದೂ ಒಂದು ಪ್ರಸ್ತಾವ ಇದೆ. ಹೆತ್ತ ತಾಯಿನ ಹೊರಗೆ ನಿಲ್ಲಿಸಿದ ಈ ಮಹಾನುಭಾವ, ಗುಜರಿಯವನು ಬರೋವರೆಗೂ ಅಂಗಳದಲ್ಲೇ ಕೂತಿರಲಿ."

"ಹೌದು," ಎಂದರು ಎಲ್ಲರೂ. ಭಾವಮೈದುನನದೇ ಜೋರು ದನಿ.

ಗುಮಾಸ್ತರು "ಇಲ್ಲ" ಎನ್ನಲು ಬಾಯಿ ತೆರೆದರು. ಆದರೆ ಪೀಠದಲ್ಲಿದ್ದವರು ತಾವೇ ಅಲ್ಲವೇ? ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಹೌದು ಎನ್ನುವವರದೇ ಬಹುಮತ, ಪ್ರಸ್ತಾವ ಅಂಗೀಕಾರವಾಗಿದೆ" ಎಂದು ಘೋಷಿಸಿ, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದರು.